ಪೂಜೆಯ ಹರಿವಾಣದಲ್ಲಿ ಸ್ವದೇಶ ಎಷ್ಟು?

(ವರ್ಷಾವಧಿ ಉತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಧಾರ್ಮಿಕ ಸಭೆಯಲ್ಲಿ ಮಾತಿಗೆ ನಿಂತವರು ಧರ್ಮದ ವಿಚಾರವನ್ನೋ ಕ್ಷೇತ್ರದ ಇತಿಹಾಸವನ್ನೋ ಹೇಳುವುದು ವಾಡಿಕೆ. ಆ ಎರಡರಲ್ಲೂ ನನಗಿಂತ ಎಷ್ಟೋ ಹೆಚ್ಚು ಬಲ್ಲವರು ಇಲ್ಲಿಯೇ ಕುಳಿತಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ತನಕ ಓದಿ ಜೀನಸು ಅಂಗಡಿಯಲ್ಲಿ ಕುಳಿತವನು. ಹಾಗಾಗಿ ಅಂಗಡಿಯವನ ಕಣ್ಣಿಗೆ ಬೀಳುವ ಒಂದು ವಿಚಾರವನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ನಾವು ದೇವರಿಗೆ ಅರ್ಪಿಸುವ ವಸ್ತುಗಳನ್ನು ಮಾಡುವವರು ಯಾರು, ಅವರ ಕೆಲಸ ಉಳಿದಿದೆಯೇ ಎಂಬುದೇ ಆ ವಿಚಾರ.

ಪೂಜೆಯ ಹರಿವಾಣವನ್ನೊಮ್ಮೆ ನೋಡಿ. ಹೂವು, ತುಳಸಿ, ತೆಂಗಿನಕಾಯಿ, ಅಡಿಕೆ, ವೀಳ್ಯದೆಲೆ, ಬಾಳೆಹಣ್ಣು ಇವು ನಮ್ಮ ತೋಟದವು. ಉಳಿದದ್ದೆಲ್ಲ ಅಂಗಡಿಯಿಂದ ಬಂದದ್ದು. ಊದುಬತ್ತಿ, ಕರ್ಪೂರ, ದೀಪದೆಣ್ಣೆ, ದೇವಿಗೆ ಒಪ್ಪಿಸುವ ಸೀರೆ, ಉತ್ಸವದ ದಿನ ಗೋಪುರಕ್ಕೆ ಸುತ್ತುವ ವಿದ್ಯುದ್ದೀಪದ ಸರ, ಜಾತ್ರೆಗೆ ಬಂದ ಮಗು ಹಠ ಹಿಡಿದು ಕೊಂಡುಕೊಳ್ಳುವ ಆಟಿಕೆ, ಇವೆಲ್ಲವನ್ನೂ ಎಲ್ಲಿಯೋ ಯಾರೋ ಕೈಯಿಂದಲೋ ಯಂತ್ರದಿಂದಲೋ ತಯಾರಿಸಬೇಕು. ಒಂದೊಂದರ ಹಿಂದೆ ಹೋದರೆ ನಮ್ಮ ದೇಶದ ಉತ್ಪಾದನೆ ಎಲ್ಲಿ ಸೊರಗಿತು, ಎಲ್ಲಿ ಚೇತರಿಸಿತು ಎಂಬುದು ಕಾಣುತ್ತದೆ.

ಮೊದಲು ಊದುಬತ್ತಿಯನ್ನೇ ತೆಗೆದುಕೊಳ್ಳೋಣ. ಊದುಬತ್ತಿ ಎಂದರೆ ಮೈಸೂರು ಎಂದು ನಾವೆಲ್ಲ ತಿಳಿದವರು. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ನಮ್ಮ ಕಡೆಯ ಹೆಂಗಸರು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹಾಗೆ, ಮೈಸೂರು ಬೆಂಗಳೂರು ಕಡೆಯ ಹೆಂಗಸರು ಮನೆಯಲ್ಲೇ ಮಣೆಯ ಮೇಲೆ ಊದುಬತ್ತಿ ಹೊಸೆದು ಮಕ್ಕಳನ್ನು ಓದಿಸಿದರು. ಅದಕ್ಕೆ ಬೇಕಾದ ಬಿದಿರುಕಡ್ಡಿ ಬಹುಪಾಲು ಬರುತ್ತಿದ್ದುದು ತ್ರಿಪುರಾ ಮುಂತಾದ ಈಶಾನ್ಯ ರಾಜ್ಯಗಳಿಂದ. ಅಲ್ಲಿಯೂ ಅದು ಕೈಕೆಲಸವೇ, ಬಿದಿರನ್ನು ಕತ್ತಿಯಿಂದ ಸೀಳಿ ಮಾಡಿದ ಚೌಕ ಕಡ್ಡಿ. ಅಂಟಿಗೆ ಬೇಕಾದ ಪುಡಿ ನಮ್ಮ ಪಶ್ಚಿಮ ಘಟ್ಟದ ಗುಳಮಾವಿನಂಥ ಮರಗಳ ತೊಗಟೆಯಿಂದ ಬರುತ್ತಿತ್ತು. ಕಡ್ಡಿ, ಅಂಟು, ಇದ್ದಲಪುಡಿ, ಕೈ, ಪರಿಮಳ ಎಲ್ಲವೂ ಈ ದೇಶದ್ದೇ.

ಆಮೇಲೆ ಏನಾಯಿತು? ಹೊಸೆಯುವ ಕೆಲಸಕ್ಕೆ ಯಂತ್ರ ಬಂತು. ಯಂತ್ರಕ್ಕೆ ಚೌಕ ಕಡ್ಡಿ ಆಗುವುದಿಲ್ಲ. ಒಂದೇ ದಪ್ಪದ, ನುಣುಪಾದ ಗುಂಡು ಕಡ್ಡಿಯೇ ಬೇಕು. ಅಂಥ ಕಡ್ಡಿಯನ್ನು ಚೀನಾ ಮತ್ತು ವಿಯೆಟ್ನಾಂ ದೇಶಗಳು ರಾಶಿ ರಾಶಿಯಾಗಿ ಮಾಡಿ ಅಗ್ಗಕ್ಕೆ ಕಳುಹಿಸಿದವು. 2011ರಲ್ಲಿ ಆಮದು ಸುಂಕ ಶೇ. 30ರಿಂದ ಸುಮಾರು ಶೇ. 10ಕ್ಕೆ ಇಳಿಯಿತು. ಕಡ್ಡಿ ಬಂದ ದಾರಿಯಲ್ಲೇ ಪರಿಮಳ ಹಾಕದ ಕಪ್ಪು ಬತ್ತಿಯೂ ಬಂತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2009ರಲ್ಲಿ 31 ಕೋಟಿ ರೂಪಾಯಿಯಷ್ಟಿದ್ದ ಕಚ್ಚಾ ಊದುಬತ್ತಿಯ ಆಮದು 2019ಕ್ಕೆ 546 ಕೋಟಿಗೆ ಏರಿತು. ದೇಶದ ತಯಾರಿಕಾ ಘಟಕಗಳಲ್ಲಿ ಕಾಲು ಭಾಗದಷ್ಟು ಮುಚ್ಚಿದವು ಎಂದೂ ಅದೇ ಆಯೋಗ ಹೇಳಿತು.

ಇಲ್ಲಿ ಒಂದು ಸೂಕ್ಷ್ಮವನ್ನು ತಾವು ಗಮನಿಸಬೇಕು. ಈ ಹತ್ತು ವರ್ಷಗಳಲ್ಲಿ ಅಂಗಡಿಗೆ ಬಂದ ಗಿರಾಕಿಗೆ ಏನೂ ಬದಲಾದಂತೆ ಕಾಣಲಿಲ್ಲ. ಪೆಟ್ಟಿಗೆಯ ಮೇಲೆ ಅದೇ ಹೆಸರು, ಅದೇ ದೇವರ ಚಿತ್ರ, ಅದೇ ಊರಿನ ವಿಳಾಸ. ಹೊರಗಿನಿಂದ ಬಂದ ಕಪ್ಪು ಬತ್ತಿಯನ್ನು ಇಲ್ಲಿ ಪರಿಮಳದಲ್ಲಿ ಅದ್ದಿ, ಒಣಗಿಸಿ, ಪೆಟ್ಟಿಗೆಗೆ ತುಂಬಿದರೆ ಸಾಕಾಗುತ್ತಿತ್ತು. ಒಂದು ಕೈಗಾರಿಕೆ ಸೊರಗುವಾಗ ಬಾಗಿಲಿಗೆ ಬೀಗ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಹೆಸರು ಉಳಿದು ಒಳಗಿನ ತಿರುಳು ಖಾಲಿಯಾಗುವುದೂ ಉಂಟು. ಗೆದ್ದಲು ತಿಂದ ಮರದ ಹಾಗೆ, ಮುಟ್ಟಿ ನೋಡಿದಾಗಲೇ ಗೊತ್ತಾಗುವುದು.

ಇದಕ್ಕೆ ಹೊರದೇಶವನ್ನು ಮಾತ್ರ ದೂರುವುದು ನ್ಯಾಯವಲ್ಲ. ಬಿದಿರು ಬೆಳೆಯುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದೆ. ಆದರೆ 1927ರ ಅರಣ್ಯ ಕಾಯಿದೆಯಲ್ಲಿ ಬಿದಿರನ್ನು 'ಮರ' ಎಂದು ಸೇರಿಸಿದ್ದರಿಂದ, ಸ್ವಂತ ಜಾಗದಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸುವುದಕ್ಕೂ ಅನೇಕ ಕಡೆ ಪರವಾನಿಗೆ ಬೇಕಿತ್ತು. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿಯದು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಈ ಕಟ್ಟಳೆಯಿಂದ ಬಿಡಿಸಲು 2017ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಬೇರೆಯವರು ಕಡ್ಡಿ ಮಾಡಿ ನಮಗೇ ಮಾರಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಯಿತು.

ಸರ್ಕಾರ ತಡವಾಗಿಯಾದರೂ ಎಚ್ಚೆತ್ತುಕೊಂಡಿತು. 2019ರ ಆಗಸ್ಟ್ ಕೊನೆಗೆ ಊದುಬತ್ತಿಯ ಮುಕ್ತ ಆಮದನ್ನು ನಿರ್ಬಂಧಿಸಲಾಯಿತು. 2020ರ ಜೂನ್ ತಿಂಗಳಲ್ಲಿ ಬಿದಿರುಕಡ್ಡಿಯ ಸುಂಕ ಶೇ. 10ರಿಂದ 25ಕ್ಕೆ ಏರಿತು. ಮುಚ್ಚಿದ್ದ ಘಟಕಗಳು ತೆರೆದುಕೊಂಡವು, ಹೊಸ ಯಂತ್ರಗಳು ಬಂದವು. ಇದು ಸಂತೋಷದ ಸಂಗತಿ. ಆದರೆ ಮರಳಿ ಬಂದದ್ದು ಹೆಚ್ಚಾಗಿ ಯಂತ್ರದ ಉತ್ಪಾದನೆ. ಮಣೆಯ ಮುಂದೆ ಕುಳಿತು ಹೊಸೆಯುತ್ತಿದ್ದ ತಾಯಂದಿರ ಸಂಪಾದನೆ ಅದೇ ಪ್ರಮಾಣದಲ್ಲಿ ಮರಳಲಿಲ್ಲ. ಸುಂಕವನ್ನು ಒಂದು ಆದೇಶದಲ್ಲಿ ಏರಿಸಬಹುದು. ಬಿಟ್ಟುಹೋದ ಕೈಕಸುಬನ್ನು ಆದೇಶದಿಂದ ಕರೆದು ತರಲಾಗುವುದಿಲ್ಲ.

ಇನ್ನು ಜಾತ್ರೆಯ ಸಂತೆಗೆ ಬರೋಣ. ನಮ್ಮ ಬಾಲ್ಯದ ಜಾತ್ರೆಯಲ್ಲಿ ಬಣ್ಣದ ಬುಗರಿ, ಮರದ ಗಾಡಿ, ಮಣ್ಣಿನ ಪೀಪಿ, ಓಲೆಯ ಗಿರಿಗಿಟಿ ಸಿಗುತ್ತಿತ್ತು. 1991ರ ಆರ್ಥಿಕ ಬದಲಾವಣೆಯ ನಂತರ ಆಮದಿನ ಬಾಗಿಲು ಹಂತಹಂತವಾಗಿ ತೆರೆಯಿತು. 2001ರ ಏಪ್ರಿಲ್ 1ರಂದು, ಆಮದಿಗೆ ಪ್ರಮಾಣದ ಮಿತಿ ಇದ್ದ ಕೊನೆಯ 715 ವಸ್ತುಗಳ ಮೇಲಿನ ನಿರ್ಬಂಧವೂ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ಅಲ್ಲಿಂದ ಮುಂದೆ ಸಂತೆಯ ಬಣ್ಣವೇ ಬದಲಾಯಿತು. ಪ್ಲಾಸ್ಟಿಕ್ ಆಟಿಕೆ, ಮಿಣುಮಿಣುಕುವ ದೀಪದ ಸರ, ಬ್ಯಾಟರಿಯ ಗೊಂಬೆ, ಪ್ಲಾಸ್ಟಿಕ್ ತೋರಣ ಬಂದವು. ಒಂದು ವರ್ಷದ ಉತ್ಸವಕ್ಕೆ ಕೊಂಡ ದೀಪದ ಸರ ಮರುವರ್ಷ ಉಗ್ರಾಣದಿಂದ ತೆಗೆದಾಗ ಅರ್ಧ ಉರಿದರೆ ಪುಣ್ಯ. ಅದನ್ನು ದುರಸ್ತಿ ಮಾಡುವವನೂ ಇಲ್ಲ, ದುರಸ್ತಿಗೆಂದು ಅದನ್ನು ಮಾಡಿದ್ದೂ ಅಲ್ಲ.

ಆಟಿಕೆಯ ವಿಷಯದಲ್ಲಿಯೂ ಗಾಳಿ ಸ್ವಲ್ಪ ತಿರುಗಿದೆ. 2020ರಲ್ಲಿ ಆಟಿಕೆಯ ಆಮದು ಸುಂಕ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಚನ್ನಪಟ್ಟಣದ ಬೊಂಬೆಯಂಥ ಭೌಗೋಳಿಕ ಸೂಚಿ ಪಡೆದ ಕರಕುಶಲ ವಸ್ತುಗಳಿಗೆ ಆ ಕಡ್ಡಾಯದಿಂದ ವಿನಾಯಿತಿ ಕೊಟ್ಟದ್ದು ಒಳ್ಳೆಯದಾಯಿತು. ಆಲೆಮರಕ್ಕೆ ಅರಗಿನ ಬಣ್ಣ ಹಚ್ಚಿ ಮಾಡುವ ಆ ಬೊಂಬೆ ಮಗುವಿನ ಬಾಯಿಗೆ ಹೋದರೂ ಭಯವಿಲ್ಲ. ನಮ್ಮ ಜಾತ್ರೆಯ ಸಂತೆಯಲ್ಲಿ ಅದಕ್ಕೊಂದು ಮಳಿಗೆ ಏಕಿಲ್ಲ ಎಂಬುದು ಯೋಚಿಸಬೇಕಾದ ಮಾತು.

ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕರ್ಪೂರವನ್ನೇ ನೋಡಿ. ಹಿಂದಿನ ಕಾಲದಿಂದಲೂ ಅದು ಸಮುದ್ರ ದಾಟಿ ಬಂದ ವಸ್ತು. ನಮ್ಮ ವೈದ್ಯಗ್ರಂಥಗಳಲ್ಲಿಯೇ 'ಚೀನಕರ್ಪೂರ' ಎಂಬ ಹೆಸರಿದೆ. ಇಂದು ನಾವು ಆರತಿಗೆ ಹಚ್ಚುವ ಕರ್ಪೂರ ಪೈನ್ ಮರದ ರಾಳದಿಂದ ಸಿಗುವ ಟರ್ಪೆಂಟೈನ್ ಎಣ್ಣೆಯಿಂದ ನಮ್ಮ ದೇಶದ ಕಾರ್ಖಾನೆಗಳಲ್ಲೇ ತಯಾರಾಗುತ್ತದೆ. ಕಚ್ಚಾ ವಸ್ತುವಿನ ದೊಡ್ಡ ಪಾಲು ಮಾತ್ರ ಹೊರಗಿನದು. ಇದರಲ್ಲಿ ತಪ್ಪೇನಿದೆ? ಕಚ್ಚಾ ವಸ್ತು ಅಲ್ಲಿಂದ ಬಂದು ಕೆಲಸ ಇಲ್ಲಿ ನಡೆದರೆ ಇಲ್ಲಿಯ ಕೈಗೆ ಕೂಲಿ ಸಿಗುತ್ತದೆ, ಇಲ್ಲಿಯ ತಲೆಗೆ ವಿದ್ಯೆ ಉಳಿಯುತ್ತದೆ. ನಮ್ಮ ಕುಂಬಳೆಯ ಬಂದರಿನಿಂದ ಮಾಲ್ಡೀವ್ಸ್ ದ್ವೀಪಗಳಿಗೆ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಎಂದು 16ನೇ ಶತಮಾನದ ಆರಂಭದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸಾ ಬರೆದಿಟ್ಟಿದ್ದಾನೆ. ಕೊಡುವುದೂ ಇತ್ತು, ಕೊಳ್ಳುವುದೂ ಇತ್ತು. ಅದು ವ್ಯಾಪಾರ. ಕೊಳ್ಳುವುದು ಮಾತ್ರ ಬೆಳೆದು ಕೊಡುವುದು ಕುಗ್ಗಿದರೆ ಅದಕ್ಕೆ ಅವಲಂಬನೆ ಎನ್ನಬೇಕು. 2023-24ರಲ್ಲಿ ಭಾರತ ಚೀನಾದಿಂದ ಕೊಂಡದ್ದು 10,000 ಕೋಟಿ ಡಾಲರಿಗೂ ಮಿಕ್ಕಿ. ಅಲ್ಲಿಗೆ ಮಾರಿದ್ದು ಅದರ ಆರನೆಯ ಒಂದು ಪಾಲಿನಷ್ಟು. ಅಂಗಡಿಯ ಲೆಕ್ಕ ಬಲ್ಲ ಯಾರಿಗೂ ಈ ಖಾತೆ ಹಿಡಿಸುವುದಿಲ್ಲ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲ ಕೈಗಾರಿಕೆಯೂ ಆಮದಿನಿಂದಲೇ ಸೋತದ್ದಲ್ಲ. 1956ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವರು. ಮಂಗಳೂರಿನ ಹಂಚು ನಮ್ಮದೇ ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದ ಮೇಲೆ ಆ ಹಂಚು ಹಡಗು ಹತ್ತಿ ಹೊರದೇಶಗಳಿಗೂ ಹೋಯಿತು. ಅದನ್ನು ಸೋಲಿಸಿದ್ದು ಮೊದಲಿಗೆ ನಮ್ಮದೇ ಕಾಂಕ್ರೀಟು ಮನೆಗಳು, ಆಮೇಲೆ ಜೇಡಿಮಣ್ಣಿನ ಮತ್ತು ಸೌದೆಯ ಅಭಾವ. ಈಗ ಹಳೆಯ ದೇವಸ್ಥಾನ ಜೀರ್ಣೋದ್ಧಾರ ಮಾಡುವವರು ಹಳೆಯ ಮನೆ ಕೆಡಹುವಲ್ಲಿ ಹಂಚು ಹುಡುಕುತ್ತಾರೆ. ಕೇರಳದ ಪೇಟೆಯಲ್ಲಿ ವಿಯೆಟ್ನಾಂ, ಚೀನಾದ ಹಂಚೂ ಸಿಗುತ್ತದೆ. ಕೊಳ್ಳುವುದನ್ನು ನಾವು ಬಿಟ್ಟೆವು, ಮಾಡುವವರು ನಿಲ್ಲಿಸಿದರು, ಮತ್ತೆ ಬೇಕಾದಾಗ ಹೊರಗಿನವರು ತಂದುಕೊಟ್ಟರು. ಕ್ರಮ ಹೀಗಿದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಸಭೆಯಲ್ಲಿರುವ ಹೆಚ್ಚಿನವರು ಅಡಿಕೆ, ತೆಂಗು ಬೆಳೆಯುವವರು. ಹೊರದೇಶದ ಅಡಿಕೆ ಅಗ್ಗಕ್ಕೆ ಬಂದು ಬಿದ್ದಾಗ ನಮ್ಮ ಗತಿ ಏನಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದಾಗ ನಾವೆಲ್ಲ ಸಮಾಧಾನಪಟ್ಟೆವು. ಅದಕ್ಕಾಗಿ ಮನವಿ ಕೊಟ್ಟವರು, ಸಭೆ ಸೇರಿದವರು ಇಲ್ಲಿಯೇ ಇದ್ದಾರೆ. ನಮ್ಮ ಬೇಡಿಕೆ ನ್ಯಾಯವಾದದ್ದೇ. ಹಾಗಾದರೆ ಊದುಬತ್ತಿ ಹೊಸೆಯುವವಳಿಗೆ, ಬೊಂಬೆ ಮಾಡುವವನಿಗೆ, ಕೈಮಗ್ಗದ ಮುಂದೆ ಕುಳಿತ ನೇಕಾರನಿಗೆ ಅದೇ ನ್ಯಾಯ ಬೇಡವೇ? ಅಡಿಕೆ ಮಾರುವಾಗ ಸ್ವದೇಶಿ, ಅಂಗಡಿಯಲ್ಲಿ ಕೊಳ್ಳುವಾಗ ಅಗ್ಗ ಸಿಕ್ಕಿದ್ದು ಎಂದರೆ ಆ ಮಾತಿಗೆ ತೂಕ ಬರುವುದಿಲ್ಲ.

ತೆಂಗಿನ ಕಥೆಯೂ ಬೇರೆಯಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಲೀಟರಿಗೆ 400 ರೂಪಾಯಿ ದಾಟಿದಾಗ ತೆಂಗು ಬೆಳೆಯುವ ಮನೆಯವರೇ ಕಾಯಿ ಮಾರಿ ಪಾಮೋಲಿನ್ ಪ್ಯಾಕೆಟ್ ಕೊಂಡುಹೋದರು. ಅವರ ಮೇಲೆ ನನಗೆ ಆಕ್ಷೇಪವಿಲ್ಲ, ಮನೆಯ ಖರ್ಚು ನೋಡಲೇಬೇಕು. ಆದರೆ ಪೇಟೆಯ ಸೆಳೆತ ಎಷ್ಟು ಬಲವಾದದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಂಗಡಿಯವನ ಕಷ್ಟವನ್ನೂ ತಾವು ಅರಿಯಬೇಕು. ಆಮದು ಸಾಮಾನಿನಲ್ಲಿ ಅಂಗಡಿಯವನಿಗೆ ಲಾಭಾಂಶ ಹೆಚ್ಚು, ನೋಡಲು ಚೆಂದ, ಏಜೆಂಟರು ಸಾಲಕ್ಕೂ ಕೊಡುತ್ತಾರೆ. ಕೈಕೆಲಸದವನಿಗೆ ಸಾಲ ಕೊಡುವ ಶಕ್ತಿ ಇಲ್ಲ, ಅವನ ಮಾಲು ಒಂದೇ ಅಳತೆಯಲ್ಲಿ ಬರುವುದೂ ಇಲ್ಲ, ಕೇಳಿದ ದಿನಕ್ಕೆ ಸಿಗುವುದೂ ಇಲ್ಲ. ಗಿರಾಕಿ ಐದು ರೂಪಾಯಿ ವ್ಯತ್ಯಾಸಕ್ಕೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಆದುದರಿಂದ ಸ್ವದೇಶಿ ಎಂಬ ಹೆಸರಿನಲ್ಲಿ ಕಳಪೆ ಮಾಲನ್ನು ಕೊಳ್ಳಿರಿ ಎಂದು ನಾನು ಹೇಳಲಾರೆ. ಕರುಣೆಯಿಂದ ಒಮ್ಮೆ ಕೊಂಡಾರು, ಎರಡನೆಯ ಸಲ ಕೊಳ್ಳಲಾರರು. ಒಳ್ಳೆಯ ಮಾಲಿಗೆ ನಿಶ್ಚಿತ ಗಿರಾಕಿ ಇದ್ದರೆ ಮಾತ್ರ ಮಾಡುವವನು ಇನ್ನೂ ಚೆನ್ನಾಗಿ ಮಾಡುತ್ತಾನೆ.

ನಿಶ್ಚಿತ ಗಿರಾಕಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆ ಇದೆ. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಅಡಿಕೆ ಬೆಳೆಗಾರರಿಗಾಗಿ. ನಮ್ಮವರು ಅಡಿಕೆ ತೋಟದ ನಡುವೆ ಕೊಕ್ಕೋ ನೆಟ್ಟರು. ಕೊಳ್ಳುತ್ತಿದ್ದವರು ಕೈ ಬಿಟ್ಟಾಗ ಹಣ್ಣು ಬುಡದಲ್ಲೇ ಕೊಳೆಯುವ ಸ್ಥಿತಿ ಬಂತು. ಆಗ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು. ಅಷ್ಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಬೆಳೆಯನ್ನು ಕಚ್ಚಾ ರೂಪದಲ್ಲಿ ಮಾರಿ ಸಿದ್ಧವಸ್ತುವನ್ನು ಬೇರೆಯವರಿಂದ ಕೊಳ್ಳುವ ಬದಲು ಇಲ್ಲಿಯೇ ಮಾಡಿ ತೋರಿಸಿದರು. ಹಳ್ಳಿಯ ಕೃಷಿಕರ ಸಹಕಾರಿ ಸಂಸ್ಥೆಯೊಂದು ಇಷ್ಟು ಮಾಡಬಲ್ಲುದಾದರೆ, ನಮ್ಮಿಂದ ಏನೂ ಆಗದು ಎನ್ನುವುದು ಸೋಮಾರಿತನದ ಮಾತು.

ನಮ್ಮ ಜಿಲ್ಲೆಯ ಕಾಸರಗೋಡು ಸೀರೆಯನ್ನೂ ಇಲ್ಲಿ ನೆನೆಯಬೇಕು. ಹತ್ತಿಯ ನೂಲಿನ, ಬಣ್ಣ ಬಿಡದ, ಬಾಳಿಕೆ ಬರುವ ಆ ಕೈಮಗ್ಗದ ಸೀರೆಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಕಾಗದದ ಮಾನ್ಯತೆಯಿಂದ ಮಗ್ಗ ಓಡುವುದಿಲ್ಲ, ಸೀರೆ ಮಾರಿಹೋಗಬೇಕು. ನೇಯುವವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಇದಕ್ಕೆ ಯಾವ ಸುಂಕದ ಮದ್ದೂ ಇಲ್ಲ. ಇದರ ಮದ್ದು ನಮ್ಮ ಕೈಯಲ್ಲೇ ಇದೆ.

ಆದುದರಿಂದ ಒಬ್ಬ ಮೊಕ್ತೇಸರನಾಗಿ ಉತ್ಸವ ಸಮಿತಿಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ. ದೊಡ್ಡ ಮಾತುಗಳಲ್ಲ, ಮುಂದಿನ ವರ್ಷದ ಉತ್ಸವಕ್ಕೇ ಮಾಡಬಹುದಾದವು.

ಒಂದು, ಸನ್ಮಾನಕ್ಕೆ ನಾವು ಹೊದೆಸುವ ಶಾಲು. ಮಿರಮಿರ ಮಿಂಚುವ ಪಾಲಿಯೆಸ್ಟರ್ ಶಾಲನ್ನು ಯಾರೂ ಎರಡನೆಯ ಸಲ ಹೊದೆಯುವುದಿಲ್ಲ, ಅದು ಮನೆಯ ಕಪಾಟಿನಲ್ಲಿ ರಾಶಿ ಬೀಳುತ್ತದೆ. ಅದರ ಬದಲು ನಮ್ಮ ನೇಕಾರರ ಸಹಕಾರ ಸಂಘದ ಕೈಮಗ್ಗದ ಬಟ್ಟೆ ಕೊಡೋಣ. ಸನ್ಮಾನಿತರು ಹತ್ತು ಜನರಿದ್ದರೆ ಐದಕ್ಕೆ ಇಳಿಸಿದರೂ ಚಿಂತೆಯಿಲ್ಲ, ಬಟ್ಟೆ ಬಟ್ಟೆಯಾಗಿರಲಿ. ದೇವಿಗೆ ಹರಕೆಯ ಸೀರೆ ಒಪ್ಪಿಸುವವರಿಗೂ ಇದೇ ವಿನಂತಿ.

ಎರಡು, ದರಪಟ್ಟಿ ತರಿಸುವಾಗ ಬೆಲೆಯ ಜತೆಗೆ ತಯಾರಾದ ಸ್ಥಳವನ್ನೂ ಬರೆದುಕೊಡುವಂತೆ ಕೇಳೋಣ. ಪೆಟ್ಟಿಗೆಯ ಮೇಲಿನ ಹೆಸರು ಸಾಲದು, ಒಳಗಿನದು ಎಲ್ಲಿಯದು ಎಂಬುದು ಬೇಕು. ಕೇಳುವ ಅಭ್ಯಾಸ ಒಂದು ದೇವಸ್ಥಾನದಲ್ಲಿ ಆರಂಭವಾದರೆ ನೆರೆಯ ದೇವಸ್ಥಾನವೂ ಕೇಳೀತು. ಹತ್ತು ದೇವಸ್ಥಾನಗಳು ಕೇಳಿದರೆ ಏಜೆಂಟರೂ ಉತ್ತರ ಸಿದ್ಧ ಮಾಡಿಕೊಳ್ಳುತ್ತಾರೆ.

ಮೂರು, ಉತ್ಸವದ ಒಂದು ರಾತ್ರಿ ದೀಪದ ಸರವನ್ನು ಆರಿಸಿ ಮಣ್ಣಿನ ಹಣತೆಯಲ್ಲಿ ನಮ್ಮ ತೋಟದ ತೆಂಗಿನೆಣ್ಣೆ ಹಾಕಿ ದೀಪೋತ್ಸವ ಮಾಡೋಣ. ಹಣತೆಯನ್ನು ಊರಿನ ಕುಂಬಾರರಿಗೇ ಮೂರು ತಿಂಗಳು ಮೊದಲೇ ಹೇಳಿ, ಮುಂಗಡ ಕೊಟ್ಟು ಮಾಡಿಸೋಣ. ಎಣ್ಣೆಯನ್ನು ಪ್ರತಿ ಮನೆಯಿಂದ ಒಂದು ಕುಡ್ತೆಯಂತೆ ತಂದರೆ ಬೆಲೆಯ ಚಿಂತೆಯೂ ಇಲ್ಲ, ಸೇವೆಯೂ ಆಯಿತು.

ನಾಲ್ಕು, ಜಾತ್ರೆಯ ಸಂತೆಯ ಏಲಂನಲ್ಲಿ ನಾಲ್ಕು ಮಳಿಗೆಗಳನ್ನು ಹೊರಗಿಟ್ಟು, ತಾವೇ ಮಾಡಿ ತಾವೇ ಮಾರುವವರಿಗೆ ಬಾಡಿಗೆಯಿಲ್ಲದೆ ಕೊಡೋಣ. ಬುಟ್ಟಿ ಹೆಣೆಯುವವರು, ಬೊಂಬೆಯವರು, ಮಡಕೆಯವರು, ಕತ್ತಿ ಬಡಿಯುವವರು ಬರಲಿ. ದೇವಸ್ಥಾನಕ್ಕೆ ಸ್ವಲ್ಪ ವರಮಾನ ಕಡಿಮೆಯಾದೀತು, ಸಂತೆಗೆ ಸಂತೆಯ ಕಳೆ ಬಂದೀತು.

ದೇಶದ ಒಟ್ಟು ಉತ್ಪನ್ನದಲ್ಲಿ ಕೈಗಾರಿಕಾ ತಯಾರಿಕೆಯ ಪಾಲನ್ನು 2022ರೊಳಗೆ ಶೇ. 25ಕ್ಕೆ ಏರಿಸಬೇಕೆಂದು 2011ರ ರಾಷ್ಟ್ರೀಯ ತಯಾರಿಕಾ ನೀತಿಯಲ್ಲಿ ಗುರಿ ಇಟ್ಟಿದ್ದರು. ಆ ಗುರಿ ತಲುಪಲಿಲ್ಲ. ಅದನ್ನು ತಲುಪಿಸುವುದು ದೆಹಲಿಯಲ್ಲಿರುವವರ ಕೆಲಸ, ಒಂದು ಊರಿನ ದೇವಸ್ಥಾನದಿಂದ ಆಗುವುದಲ್ಲ. ಆದರೆ ನಮ್ಮ ಉಗ್ರಾಣಕ್ಕೆ ಯಾವ ವಸ್ತು ಬರಬೇಕು ಎಂಬುದನ್ನು ದೆಹಲಿಯವರು ನಿರ್ಧರಿಸುವುದಿಲ್ಲ, ನಾವೇ ನಿರ್ಧರಿಸುತ್ತೇವೆ.

ನಮ್ಮ ಹಿರಿಯರು ದೇವಸ್ಥಾನಕ್ಕೆ ಎಣ್ಣೆ ಕೊಡುವವರು, ಹೂ ಕೊಡುವವರು, ಮಡಕೆ ಕೊಡುವವರು, ಡೋಲು ಬಡಿಯುವವರು ಎಂದು ಒಬ್ಬೊಬ್ಬರಿಗೆ ಒಂದೊಂದು ಹೊಣೆ ಹಂಚಿದ್ದರು. ಆ ಏರ್ಪಾಡಿನಲ್ಲಿದ್ದ ಮೇಲುಕೀಳು ಮರಳಿ ಬರುವುದು ಬೇಡ. ಆದರೆ ಉತ್ಸವ ನಡೆದರೆ ಊರಿನ ಪ್ರತಿಯೊಬ್ಬ ಕಸುಬುದಾರನ ಮನೆಯ ಒಲೆ ಉರಿಯಬೇಕು ಎಂಬ ವಿವೇಕ ಅದರಲ್ಲಿತ್ತು. ಆ ವಿವೇಕವನ್ನು ಈ ಕಾಲಕ್ಕೆ ತಕ್ಕಂತೆ ಉಳಿಸಿಕೊಳ್ಳುವುದು ಸಮಿತಿಯ ಹಾಗೂ ಭಕ್ತರ ಕರ್ತವ್ಯ.

ಶ್ರೀ ದೇವರು ದುಡಿಯುವ ಎಲ್ಲ ಕೈಗಳಿಗೂ ಕೆಲಸವನ್ನೂ, ಕೊಳ್ಳುವ ನಮಗೆಲ್ಲರಿಗೂ ಸದ್ಬುದ್ಧಿಯನ್ನೂ ಕರುಣಿಸಲಿ ಎಂದು ಪ್ರಾರ್ಥಿಸಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ.